ರಾಣಿಯ ಟಿಕೀಟು ಹಚ್ಚಿದ ಒಂದು ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ಎಲ್ಲ ಗುರುಗಳಿಗೆ, ಅಕ್ಕೋರಿಗೆ,



ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ವರ್ಷ ತಪ್ಪದೆ ಬರುವ ಪ್ರಶ್ನೆಯೊಂದು ನಿಮಗೆಲ್ಲ ಬಾಯಿಪಾಠ. ನೀವು ಇಂಥ ಊರಿನ ಇಂಥ ಶಾಲೆಯ ವಿದ್ಯಾರ್ಥಿ ಎಂದು ಭಾವಿಸಿ ತಂದೆಗೆ ಒಂದು ಪತ್ರ ಬರೆಯಿರಿ. ಇಲ್ಲವೆ ಊರಿಗೆ ಬಸ್ಸು ಬಿಡಿಸುವಂತೆ ಅಧಿಕಾರಿಗಳಿಗೆ ಮನವಿ ಬರೆಯಿರಿ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತ ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ಪತ್ರಗಳನ್ನು ತಿದ್ದಿದ್ದೇನೆ. ದಿನಾಂಕಕ್ಕೆ ಇಷ್ಟು, ಸಂಬೋಧನೆಗೆ ಇಷ್ಟು, ಒಕ್ಕಣೆಗೆ ಇಷ್ಟು, ಹೊರವಿಳಾಸಕ್ಕೆ ಇಷ್ಟು ಎಂದು ಅಂಕ ಹಂಚಿದ್ದೇನೆ. ಹೊರವಿಳಾಸ ಬರೆಯುವಾಗ ಕೆಲವು ಮಕ್ಕಳು ಪಟ್ಟಿ ಹಿಡಿದು ಒಂದು ಲಕೋಟೆಯ ಚಿತ್ರವನ್ನೇ ತೆಗೆಯುತ್ತಾರೆ. ಅದರ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಹಾಕುತ್ತಾರೆ. ಟಿಕೀಟು ಹಚ್ಚುವ ಜಾಗ ಅದು. ಅದಕ್ಕೆ ಅಂಕವಿಲ್ಲ, ಯಾರೂ ಕೇಳಿದ್ದೂ ಅಲ್ಲ. ಆದರೂ ಹಾಕುತ್ತಾರೆ.

ಆ ಚೌಕ ಖಾಲಿಯೇ ಉಳಿಯುತ್ತದೆ. ನಾನು ತಿದ್ದಿದ ಸಾವಿರಾರು ಪತ್ರಗಳಲ್ಲಿ ಒಂದಾದರೂ ಟಪಾಲು ಪೆಟ್ಟಿಗೆಗೆ ಬೀಳಲಿಲ್ಲ ಎಂಬುದು ನನಗೆ ಹೊಳೆದದ್ದು ನೌಕರಿಯ ಕೊನೆಯ ವರ್ಷದಲ್ಲಿ. ಇಷ್ಟು ತಡವಾಗಿ ಹೊಳೆಯಿತಲ್ಲ ಎಂಬ ಸಂಕಟದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿ ಇನ್ನೂ ವರ್ಷಗಳಿವೆ, ತರಗತಿಗಳಿವೆ. ನಿಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆ ನಿಜವಾದ ಒಬ್ಬರಿಗೆ, ನಿಜವಾದ ಒಂದು ಪತ್ರ ಬರೆದು, ನಮ್ಮ ನೆಲದ ನೆನಪಿಗಾಗಿ ಬಂದ ಅಂಚೆಚೀಟಿಯನ್ನೇ ಹಚ್ಚಿ, ತನ್ನ ಕೈಯಾರೆ ಪೆಟ್ಟಿಗೆಗೆ ಹಾಕಬೇಕು. ನಾನು ಕೇಳುವುದು ಮುಖ್ಯವಾಗಿ ಇದೊಂದನ್ನೇ. ಇದನ್ನು ಏಕೆ ಇಷ್ಟು ಹಟ ಹಿಡಿದು ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2024ರ ಅಕ್ಟೋಬರ್ 23ರಂದು, ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧದ ಕಿತ್ತೂರು ವಿಜಯಕ್ಕೆ ಇನ್ನೂರು ವರ್ಷ ತುಂಬಿದ ದಿನ, ಭಾರತೀಯ ಅಂಚೆ ಇಲಾಖೆ ರಾಣಿ ಚೆನ್ನಮ್ಮನ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಬಿಡುಗಡೆಯಾದದ್ದು ದಿಲ್ಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ನಮ್ಮ ಕಿತ್ತೂರಿನ ಕೋಟೆಯ ಆವರಣದಲ್ಲೇ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪುಗಳ ಸಮೇತ ಬಂದು ನಿಂತು, ತಿರುಗಿ ಹೋಗದೆ ಬಿದ್ದದ್ದು ಆ ಕೋಟೆಯ ಮುಂದೆಯೇ. ಆ ಜಾಗದಲ್ಲೇ ರಾಣಿಯ ಹೆಸರು ಹೊತ್ತ ಐದು ರೂಪಾಯಿಯ ಚೀಟಿ ಹೊರಬಂತು ಎಂದರೆ ಅದು ಸಣ್ಣ ಮಾತಲ್ಲ.

ರಾಣಿಯ ಹೆಸರಿನಲ್ಲಿ ಚೀಟಿ ಬಂದದ್ದು ಇದು ಮೊದಲಲ್ಲ. 1977ರ ಅಕ್ಟೋಬರ್ 23ರಂದು 25 ಪೈಸೆಯ ಒಂದು ಚೀಟಿ ಬಂದಿತ್ತು. ಆಗ ಊರಿಂದೂರಿಗೆ ಹೋಗುವ ಸಾದಾ ಲಕೋಟೆಗೆ ಅಷ್ಟೇ ಸಾಕಿತ್ತು. ಈಗ ಇಪ್ಪತ್ತು ಗ್ರಾಂ ಒಳಗಿನ ಲಕೋಟೆಗೆ ಐದು ರೂಪಾಯಿ. 25 ಪೈಸೆಗೂ 5 ರೂಪಾಯಿಗೂ ಎಷ್ಟು ಪಟ್ಟು ವ್ಯತ್ಯಾಸ ಎಂದು ಗಣಿತದ ಗುರುಗಳು ಮಕ್ಕಳನ್ನು ಕೇಳಬಹುದು. ಆದರೆ ಎರಡು ಚೀಟಿಗಳ ಕೆಲಸ ಒಂದೇ: ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಮುಟ್ಟಿಸುವುದು.

ಆ 1977ರ ಚೀಟಿಯನ್ನು ನಾನು ಕಂಡದ್ದು ಏಳನೆಯ ಇಯತ್ತೆಯಲ್ಲಿ. ನಮ್ಮಪ್ಪ ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಟಪಾಲು ಹಂಚುತ್ತಿದ್ದರು. ಹೊಲದ ಕೆಲಸದ ಜೊತೆಗೆ ಅದೂ ಒಂದು. ಬೆಳಿಗ್ಗೆ ಚೀಲ ಬರುವವರೆಗೆ ಎತ್ತುಗಳನ್ನು ನೋಡಿಕೊಂಡು, ಚೀಲ ಬಂದ ಮೇಲೆ ಕೈ ತೊಳೆದು, ತಲೆಗೆ ರುಮಾಲು ಸುತ್ತಿ ಹೊರಡುತ್ತಿದ್ದರು. ಓದು ಬಾರದ ಮನೆಗಳಲ್ಲಿ ಕೂತು ಪತ್ರ ಓದಿ ಹೇಳುವುದೂ ಅವರದೇ ಕೆಲಸ. ಅದೇ ವರ್ಷದ ಚಳಿಗಾಲದಲ್ಲಿ ನಮ್ಮ ಸೋದರಮಾವ ಹುಬ್ಬಳ್ಳಿಯಿಂದ ಒಂದು ಲಕೋಟೆ ಕಳಿಸಿದ್ದ. ಅದರ ಮೇಲೆ ರಾಣಿಯ ಟಿಕೀಟಿತ್ತು. ನಾನು ಉಗುರಿನಿಂದ ಮೂಲೆ ಎತ್ತಿ ಕೀಳಲು ಹೋದಾಗ ಅಪ್ಪ ಕೈ ಹಿಡಿದರು.

“ಹರೀಬ್ಯಾಡ ತಮ್ಮಾ. ನೀರಾಗ ಹಾಕು, ತಾನಽ ಬಿಡತೈತಿ.”

ಅವ್ವ ಊಟದ ತಾಟಿನಲ್ಲಿ ನೀರು ಹಾಕಿ ಕೊಟ್ಟಳು. ಲಕೋಟೆಯ ಆ ಮೂಲೆಯನ್ನಷ್ಟೇ ಕತ್ತರಿಸಿ ತೇಲಿಬಿಟ್ಟೆ. ಹತ್ತು ನಿಮಿಷ ಕಣ್ಣು ಕೀಳದೆ ಕೂತಿದ್ದೆ. ಮೊದಲು ಅಂಚು ಸುರುಳಿಯಾಯಿತು, ಆಮೇಲೆ ಚೀಟಿ ಕಾಗದದಿಂದ ಜಾರಿ ಬೇರೆಯಾಯಿತು. ಅಂಟಿನ ಒಂದು ಪದರ ನೀರಿನಲ್ಲಿ ಮಂಜಿನ ಹಾಗೆ ಹರಡಿತು. ಅಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಹಳೆಯ ಪೇಪರಿನ ಮೇಲೆ ಬೋರಲು ಮಾಡಿ ಇಟ್ಟರು. ಮರುದಿನ ಅದನ್ನು ನನ್ನ ಭೂಗೋಳದ ಪುಸ್ತಕದೊಳಗೆ ಇಟ್ಟೆ. ಕಿತ್ತೂರಿಗೂ ಬೈಲಹೊಂಗಲಕ್ಕೂ ನಡುವೆ ಬೆಳೆದ ನಮಗೆ ರಾಣಿಯ ಕಥೆ ಗೊತ್ತಿರಲಿಲ್ಲ ಎಂದೇನಲ್ಲ. ಅಜ್ಜಿಯರು ಹೇಳುತ್ತಿದ್ದರು, ಲಾವಣಿಯವರು ಹಾಡುತ್ತಿದ್ದರು. ಆದರೆ ದೇಶದ ತುಂಬ ಓಡಾಡುವ ಲಕೋಟೆಗಳ ಮೇಲೆ ನಮ್ಮ ಊರಿನವಳು ಕೂತಿದ್ದಾಳೆ ಎಂಬುದು ಬೇರೆಯೇ ಸಂಗತಿ. ಅವತ್ತು ನನ್ನ ಎದೆಯಲ್ಲಿ ಹುಟ್ಟಿದ ಹಿಗ್ಗು ಇವತ್ತಿಗೂ ಆರಿಲ್ಲ.

ಈಗ 2024ರ ಚೀಟಿಯ ಮಾತಿಗೆ ಬರುತ್ತೇನೆ. ಪತ್ರಿಕೆಯಲ್ಲಿ ಸುದ್ದಿ ಓದಿದ ಮೇಲೆ ಒಂದು ಅಂಚೆ ಕಚೇರಿಗೆ ಹೋಗಿ ಕೇಳಿದೆ. ಯಾವುದೆಂದು ಹೇಳುವುದಿಲ್ಲ, ಎಲ್ಲಿ ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತೋ ಏನೋ. ಕೌಂಟರಿನಲ್ಲಿದ್ದ ತರುಣ ಬಹಳ ಗೌರವದಿಂದಲೇ ಹೇಳಿದ: “ಗುರುಗಳ, ಅವು ನಮ್ಮ ತನಕ ಬರೂದಿಲ್ರಿ. ಕವರ್ ಕೊಡ್ರಿ, ಬಾರ್‌ಕೋಡ್ ಹಚ್ಚಿ ಕಳಸ್ತೇನಿ.”

ಅವನ ತಪ್ಪೇನಿಲ್ಲ. ಸ್ಮರಣಾರ್ಥ ಚೀಟಿಗಳ ವ್ಯವಸ್ಥೆಯೇ ಹಾಗಿದೆ. ದಿನನಿತ್ಯ ಮಾರುವ ಸಾಮಾನ್ಯ ಚೀಟಿಗಳನ್ನು ಮತ್ತೆ ಮತ್ತೆ ಅಚ್ಚು ಹಾಕುತ್ತಾರೆ. ಸ್ಮರಣಾರ್ಥ ಚೀಟಿಗಳನ್ನು ಒಮ್ಮೆ ಮಾತ್ರ, ಅದೂ ಮಿತವಾದ ಸಂಖ್ಯೆಯಲ್ಲಿ ಅಚ್ಚು ಹಾಕಿ, ಸಂಗ್ರಾಹಕರಿಗಾಗಿ ಇರುವ ಫಿಲಾಟೆಲಿ ಬ್ಯೂರೋಗಳಿಗೆ, ದೊಡ್ಡ ಕಚೇರಿಗಳ ಕೌಂಟರುಗಳಿಗೆ ಕಳಿಸುತ್ತಾರೆ. ಅಲ್ಲಿಂದ ಅವು ಸಂಗ್ರಾಹಕರ ಆಲ್ಬಮ್ಮಿಗೆ ಹೋಗಿ ಕೂಡುತ್ತವೆ. ಸಂಗ್ರಾಹಕರ ಮೇಲೆ ನನಗೆ ಸಿಟ್ಟಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಚೀಟಿಗಳ ನೆನಪೇ ಉಳಿಯುತ್ತಿರಲಿಲ್ಲ. ಆದರೆ ಕಿತ್ತೂರಿನ ಕೋಟೆಯಲ್ಲಿ ಬಿಡುಗಡೆಯಾದ ಚೀಟಿಯನ್ನು ಕಿತ್ತೂರಿನ ಮಗು ಒಮ್ಮೆಯೂ ಮುಟ್ಟಿ ನೋಡುವುದಿಲ್ಲ ಎಂದರೆ ಆ ಗೌರವ ಅರ್ಧಕ್ಕೇ ನಿಂತಂತೆ. 2025ರಲ್ಲಿ ರಿಜಿಸ್ಟರ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಟಿಕೀಟು ಹಚ್ಚುವ ಸಂದರ್ಭಗಳೇ ಕಡಿಮೆಯಾಗುತ್ತಿವೆ. ನಾವು ಬೇಕೆಂದೇ ಸಂದರ್ಭ ಹುಟ್ಟಿಸಿಕೊಳ್ಳದಿದ್ದರೆ ಇನ್ನು ಹತ್ತು ವರ್ಷಕ್ಕೆ ಮಕ್ಕಳ ಉತ್ತರಪತ್ರಿಕೆಯಲ್ಲಿ ಆ ಚೌಕವೂ ಇರುವುದಿಲ್ಲ.

ನಾನು ಇಲಾಖೆಯಲ್ಲಿ ಫಿಲಾಟೆಲಿ ಠೇವಣಿ ಖಾತೆ ತೆರೆದೆ. ಕನಿಷ್ಠ 200 ರೂಪಾಯಿ ಇಟ್ಟರೆ ಸಾಕು. ಹೊಸ ಚೀಟಿಗಳು ಬಂದ ಹಾಗೆ ಮನೆಗೇ ಬರುತ್ತವೆ, ದುಡ್ಡು ಖಾತೆಯಿಂದ ಕಡಿತವಾಗುತ್ತದೆ. ಅಂತೂ 2025ರ ಜನವರಿಯ ಹೊತ್ತಿಗೆ ರಾಣಿಯ 42 ಚೀಟಿಗಳು ನನ್ನ ಕೈಯಲ್ಲಿದ್ದವು. ಒಟ್ಟು 210 ರೂಪಾಯಿ. ಎಂಟನೆಯ ತರಗತಿಯಲ್ಲಿ ಇದ್ದದ್ದೂ 42 ಮಕ್ಕಳು.

ಆ ಚೀಟಿಗಳನ್ನು ತರಗತಿಗೆ ಒಯ್ದ ದಿನದ ತಾಸು ನನ್ನ ಜೀವನದ ಅತ್ಯಂತ ಒಳ್ಳೆಯ ಪಾಠಗಳಲ್ಲಿ ಒಂದು. ಕಲಿಸಿದವನು ನಾನಲ್ಲ. “ಎಂದು ಭಾವಿಸಿ” ಎಂಬ ಮಾತನ್ನು ಬೋರ್ಡಿನ ಮೇಲೆ ಬರೆದು ಒರೆಸಿಬಿಟ್ಟೆ. “ನಿಮಗೆ ಯಾರಿಗೆ ಬರೀಬೇಕು ಅನಸ್ತೈತಿ, ಅವರಿಗೆ ಬರೀರಿ. ನಾ ಓದೂದಿಲ್ಲ, ಅಂಕಾನೂ ಕೊಡೂದಿಲ್ಲ” ಎಂದೆ. ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ಅಂಕವಿಲ್ಲದೆ ಬರೆಯುವುದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ವಿಳಾಸ ಬರೆಯಲು ಹೋದಾಗ ಇನ್ನೊಂದು ತೊಡಕು ಕಂಡಿತು: ತನ್ನ ಊರಿನ ಪಿನ್ ಕೋಡ್ ಅರ್ಧ ತರಗತಿಗೆ ಗೊತ್ತಿರಲಿಲ್ಲ. ಬೈಲಹೊಂಗಲ 591102, ಕಿತ್ತೂರು 591115, ರಾಮದುರ್ಗ 591123, ಸವದತ್ತಿ 591126 ಎಂದು ಬರೆಸಿದೆ. ಫೋನ್ ನಂಬರಿನ ಹತ್ತು ಅಂಕಿ ಬಾಯಲ್ಲಿರುವ ಮಕ್ಕಳಿಗೆ ತಮ್ಮ ಊರಿನ ಆರು ಅಂಕಿ ಹೊಸದಾಗಿತ್ತು.

ಒಬ್ಬ ಹುಡುಗಿಯ ಮಾತು ಹೇಳಲೇಬೇಕು. ಹೆಸರು ಬೇಡ. ಅವಳಪ್ಪ ಗೋವಾದ ಮಾಪಸಾದ ಕಡೆ ಗೌಂಡಿ ಕೆಲಸಕ್ಕೆ ಹೋಗಿದ್ದ. ನಮ್ಮ ಭಾಗದಿಂದ ಎಷ್ಟು ಜನ ಹೀಗೆ ಹೋಗುತ್ತಾರೆ ಎಂಬುದು ಹಾಜರಿ ಪುಸ್ತಕ ಹಿಡಿಯುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದಿನವೂ ಫೋನಿನಲ್ಲಿ ಮಾತಾಡುವ ಅಪ್ಪನಿಗೆ ಪತ್ರವೇಕೆ ಎಂದು ಪಕ್ಕದವಳು ಕೇಳಿದ್ದಕ್ಕೆ ಈಕೆ ಸಿಡುಕಿದಳು. ಕಾರಣ ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ, ಅವಳಪ್ಪನ ಬಾಯಿಂದ. ಅವರದು ಒಂದೇ ಅಂಕಣದ ಮನೆ. ಫೋನ್ ಬಂದಾಗ ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂಡುತ್ತಾರೆ, ಅಜ್ಜಿಯೂ ಕೂಡುತ್ತಾಳೆ. ಅಜ್ಜಿ ರಾತ್ರಿಯೆಲ್ಲ ಕೆಮ್ಮುತ್ತಾಳೆ, ಔಷಧದ ದುಡ್ಡನ್ನು ಮೊಮ್ಮಗಳ ಫೀಗೆಂದು ಗಂಟು ಕಟ್ಟುತ್ತಾಳೆ ಎಂಬ ಮಾತನ್ನು ಅಜ್ಜಿಯ ಎದುರು ಹೇಳುವುದು ಹೇಗೆ? ಫೋನಿನಲ್ಲಿ ಹೇಳಲಾಗದ ಆ ಮಾತನ್ನು ಹುಡುಗಿ ಪತ್ರದಲ್ಲಿ ಬರೆದಿದ್ದಳು. ಒಂದು ಕಿರಾಣಿ ಅಂಗಡಿಯ ವಿಳಾಸಕ್ಕೆ ಹಾಕಿದ ಆ ಲಕೋಟೆ ಐದು ದಿನಕ್ಕೆ ಅಪ್ಪನ ಕೈ ಸೇರಿತ್ತು. ಯುಗಾದಿಗೆ ಊರಿಗೆ ಬಂದಾಗ ಅವನು ತಾಯಿಯನ್ನು ದವಾಖಾನೆಗೆ ಕರೆದುಕೊಂಡು ಹೋದ. ಶಾಲೆಗೆ ಬಂದು ನನಗೆ ಇದನ್ನೆಲ್ಲ ಹೇಳುವಾಗ ಫೋನಿನ ಹಿಂದಿನ ಕವಚ ತೆಗೆದು, ಅದರೊಳಗೆ ಮಡಿಚಿಟ್ಟಿದ್ದ ಲಕೋಟೆಯ ತುಂಡನ್ನು ತೋರಿಸಿದ. ರಾಣಿಯ ಟಿಕೀಟು ಇದ್ದ ಮೂಲೆ ಅದು.

ಟಪಾಲು ಹಾಕಿದ ದಿನ ಇದೇ ಹುಡುಗಿ ನನ್ನ ಮೇಲೆ ಸಿಟ್ಟಾಗಿದ್ದಳು. ಮಕ್ಕಳನ್ನು ಸಾಲಾಗಿ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿಯ ಅಂಚೆ ಮಾಸ್ತರರು ದೊಡ್ಡ ಮನಸ್ಸು ಮಾಡಿ, ಮಕ್ಕಳ ಎದುರಿಗೇ ಲಕೋಟೆಗಳ ಮೇಲೆ ಶಿಕ್ಕಾ ಹೊಡೆದು ತೋರಿಸಿದರು. ಮಸಿಯ ಪ್ಯಾಡಿಗೊಮ್ಮೆ, ಲಕೋಟೆಗೊಮ್ಮೆ, ಟಪ್ ಟಪ್ ಎಂದು. ಹುಡುಗಿ ಓಡಿ ಬಂದಳು.

“ಸರ್ರೀ, ರಾಣಿ ಮಾರಿ ಮ್ಯಾಲೇ ಕರೀ ಶಿಕ್ಕಾ ಹೊಡ್ಯಾಕತ್ತಾರ ನೋಡ್ರಿ! ಹೊಡೀಬ್ಯಾಡ್ರಿ ಅಂತ ಹೇಳ್ರಿ.”

ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೊಸದಾಗಿ, ಹೊಳೆಯುತ್ತ ಇದ್ದ ಚೀಟಿ ಕೆಟ್ಟುಹೋಯಿತು ಎಂದು ಅವಳ ದುಃಖ. ನಾನು ಉತ್ತರ ಹುಡುಕುವಷ್ಟರಲ್ಲಿ ಮಾಸ್ತರರೇ ಅವಳನ್ನು ಹತ್ತಿರ ಕರೆದು ಮಸಿಯ ವೃತ್ತವನ್ನು ತೋರಿಸಿದರು. ಊರಿನ ಹೆಸರು, ತಾರೀಖು, ತಿಂಗಳು, ವರ್ಷ. “ಇದು ಬೀಳದಿದ್ರ ಟಿಕೀಟು ಊರು ಬಿಟ್ಟು ಹೋಗಂಗಿಲ್ಲವಾ. ಶಿಕ್ಕಾ ಬಿದ್ದ ಮ್ಯಾಲೇ ರಾಣಿ ಹೊರಡೂದು” ಎಂದರು. ಹುಡುಗಿ ಬಹಳ ಹೊತ್ತು ಆ ವೃತ್ತವನ್ನು ನೋಡಿ, ತನ್ನ ಲಕೋಟೆಗೆ ಸ್ಪಷ್ಟವಾಗಿ ಬೀಳುವ ಹಾಗೆ ಹೊಡೆಯಿರಿ ಎಂದು ಕೇಳಿಕೊಂಡಳು.

ಗುರುಗಳೇ, ಈ ಒಂದು ದೃಶ್ಯಕ್ಕಾಗಿಯೇ ನಾನು ನಿಮ್ಮನ್ನು ಇಷ್ಟು ಕಾಡುತ್ತಿದ್ದೇನೆ. ಮುದ್ರೆ ಬೀಳದ ಹೊಸ ಚೀಟಿಗೆ ಸಂಗ್ರಾಹಕರಲ್ಲಿ ಬೆಲೆಯಿದೆ, ಇರಲಿ. ಆದರೆ ರಾಣಿಯ ಚೀಟಿಯ ಮೇಲೆ ಬೈಲಹೊಂಗಲದ್ದೋ ಕಿತ್ತೂರಿನದ್ದೋ ಶಿಕ್ಕಾ ಬಿದ್ದು, ಅದು ಗೋವಾಕ್ಕೋ ಪುಣೆಗೋ ಮಂಗಳೂರಿಗೋ ಹೋಗಿ, ಯಾರದೋ ಕಿಸೆಯಲ್ಲಿ ಸವೆದರೆ ಅದರ ಬೆಲೆಯೇ ಬೇರೆ. ಆ ವಿಜಯದ ನಂತರ ಕಂಪನಿಯ ಕೈಗೆ ಸಿಕ್ಕ ರಾಣಿ ಕೊನೆಯ ವರ್ಷಗಳನ್ನು ಕಳೆದದ್ದು ಬೈಲಹೊಂಗಲದ ಸೆರೆಯಲ್ಲಿ. 1829ರಲ್ಲಿ ಅಲ್ಲೇ ತೀರಿಕೊಂಡಳು. ಸಮಾಧಿಯೂ ಅಲ್ಲೇ ಇದೆ. ಇನ್ನೆಂದೂ ಆ ಊರು ಬಿಟ್ಟು ಹೋಗಲಾಗದೆ ಉಳಿದವಳ ಚೀಟಿ ಅದೇ ಊರಿನ ಶಿಕ್ಕಾ ಹೊತ್ತು ಹೊರಡುವುದನ್ನು ಮಕ್ಕಳು ಕಣ್ಣಾರೆ ನೋಡಲಿ.

ಇನ್ನೊಂದು ಸಂಗತಿಯನ್ನು ಇತಿಹಾಸದ ಗುರುಗಳು ಇದರೊಂದಿಗೆ ಸೇರಿಸಿ ಹೇಳಬೇಕೆಂದು ನನ್ನಾಸೆ. ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಒಪ್ಪದೆ ಹೋದಾಗ ರಾಣಿ ಮೊದಲು ಹಿಡಿದದ್ದು ಖಡ್ಗವನ್ನಲ್ಲ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿ ತನ್ನ ಸಂಸ್ಥಾನದ ನ್ಯಾಯವನ್ನು ವಿವರಿಸಿದ್ದಳು. ಅದಕ್ಕೆ ಮನ್ನಣೆ ಸಿಗದೆ ಹೋದ ಮೇಲೆ ಬಂದದ್ದು ಯುದ್ಧ. ಆಗ ಅಂಚೆಚೀಟಿ ಎಂಬ ವಸ್ತು ಜಗತ್ತಿನಲ್ಲೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲ ಚೀಟಿ ಬಂದದ್ದು 1840ರಲ್ಲಿ; ಇಡೀ ಭಾರತಕ್ಕೆ ಅನ್ವಯಿಸುವ ಚೀಟಿ 1854ರ ಅಕ್ಟೋಬರ್‌ನಲ್ಲಿ. ಕಾಲು ತೊಲೆ ತೂಕದ ಪತ್ರಕ್ಕೆ ಅರ್ಧ ಆಣೆ ಕೊಟ್ಟರೆ ಎಷ್ಟು ದೂರವಾದರೂ ಒಯ್ಯುತ್ತೇವೆ ಎಂಬ ಪದ್ಧತಿ ಆಗ ಬಂತು. ದೂರ ಎಷ್ಟಾದರೂ ಒಂದೇ ದರ ಎಂಬ ಈ ಮಾತಿನಲ್ಲಿ ಎಷ್ಟು ದೊಡ್ಡ ಸಮಾನತೆ ಇದೆ ನೋಡಿ. ರಾಮದುರ್ಗದ ನೇಕಾರನ ಮಗಳ ಪತ್ರ ಪಕ್ಕದ ಸುರೇಬಾನಕ್ಕೆ ಹೋಗಲಿ, ಶ್ರೀನಗರಕ್ಕೆ ಹೋಗಲಿ, ಇವತ್ತಿಗೂ ಅದೇ ಐದು ರೂಪಾಯಿ.

1824ರ ಆ ಯುದ್ಧದಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕು ಆಮೇಲೆ ಬಿಡುಗಡೆಯಾದ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ಅದೇ ಮನುಷ್ಯ ನಮ್ಮ ಕನ್ನಡ ಶಾಸನಗಳ ನಕಲುಗಳನ್ನು ಸಂಗ್ರಹಿಸಿ ದೊಡ್ಡ ಉಪಕಾರ ಮಾಡಿದ. ಒಂದು ಚೀಟಿಯ ಬಗ್ಗೆ ಹೇಳಹೋದರೆ ಕಥೆ ಹೀಗೆ ಎಲ್ಲೆಲ್ಲಿಗೋ ಹರಿಯುತ್ತದೆ. ತರಗತಿಯಲ್ಲಿ ಹರಿಯಲು ಬಿಡಿ.

ರಾಣಿಯ ಚೀಟಿ ಮುಗಿದುಹೋಗಿದ್ದರೆ ಬೇರೆಯವು ಇವೆ. 1967ರ ಮೇ ತಿಂಗಳಲ್ಲಿ ಬಸವಣ್ಣನವರ ಚೀಟಿ ಬಂತು. 2014ರ ಸೆಪ್ಟೆಂಬರ್ 3ರಂದು ಎಂಟು ಜನ ಸಂಗೀತಗಾರರ ಚೀಟಿಗಳು ಒಟ್ಟಿಗೆ ಬಂದವು. ಅವರಲ್ಲಿ ನಾಲ್ವರು ನಮ್ಮ ಕಡೆಯವರು: ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಕುಮಾರ ಗಂಧರ್ವ. ಕುಮಾರ ಗಂಧರ್ವರು ಹುಟ್ಟಿದ್ದು ನಮ್ಮದೇ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ, ಮನೆತನದ ಹೆಸರು ಕೋಮಕಲಿಮಠ ಎಂದರೆ ಎಷ್ಟೋ ಮಕ್ಕಳು ನಂಬುವುದಿಲ್ಲ. ಹಳೆಯ ಚೀಟಿಗಳನ್ನು ಲಕೋಟೆಗೆ ಹಚ್ಚಲು ಸಿಗದಿದ್ದರೆ ತರಗತಿಯಲ್ಲಿ ತೋರಿಸಲಾದರೂ ಒಂದೊಂದು ಸಂಗ್ರಹಿಸಿ ಇಡಿ. 2006ರ ಡಿಸೆಂಬರ್‌ನಲ್ಲಿ ಇಲಾಖೆ ಶ್ರೀಗಂಧದ ಪರಿಮಳವಿರುವ ಚೀಟಿ ತಂದಿತ್ತು. 2011ರಲ್ಲಿ ಗಾಂಧೀಜಿಯ ಚಿತ್ರವಿರುವ ಚೀಟಿಯನ್ನು ಖಾದಿ ಬಟ್ಟೆಯ ಮೇಲೇ ಅಚ್ಚು ಹಾಕಿತ್ತು. ರಾಮದುರ್ಗದ ಗುರುಗಳೇ, ಮಗ್ಗದ ಸಪ್ಪಳದಲ್ಲಿ ಬೆಳೆದ ಮಕ್ಕಳ ಕೈಗೆ ಆ ಖಾದಿಯ ಚೀಟಿಯನ್ನು ಒಮ್ಮೆ ಕೊಟ್ಟು ನೋಡಿ. ಎಳೆ ಎಣಿಸುತ್ತಾರೆ. ನೆರೆಯ ಭೂತಾನ 1970ರ ದಶಕದ ಮೊದಲಲ್ಲಿ ಗ್ರಾಮಫೋನಿನ ಮೇಲಿಟ್ಟರೆ ಹಾಡುವ ಪುಟ್ಟ ತಟ್ಟೆಗಳನ್ನೇ ಅಂಚೆಚೀಟಿಯಾಗಿ ಹೊರತಂದಿತ್ತು ಎಂದರೆ ಹಿಂದಿನ ಬೆಂಚಿನವರೂ ಎದ್ದು ಕೂಡುತ್ತಾರೆ.

ಚೀಟಿಯ ಮೇಲೆ ಯಾರು, ಏನು ಬರಬೇಕು ಎಂಬುದಕ್ಕೆ ದಿಲ್ಲಿಯಲ್ಲಿ ಒಂದು ಸಲಹಾ ಸಮಿತಿ ಇದೆ. ವಿಷಯವನ್ನು ಸೂಚಿಸಲು ಸಾರ್ವಜನಿಕರಿಗೂ ಅವಕಾಶವಿದೆ. ಬದುಕಿರುವವರ ಸ್ಮರಣೆಗೆ ಚೀಟಿ ತರುವುದಿಲ್ಲ ಎಂಬುದು ರೂಢಿ. ಇದನ್ನು ಮಕ್ಕಳಿಗೆ ಹೇಳಿ, ನಿಮ್ಮ ಊರಿಗೆ ಒಂದು ಚೀಟಿ ಬರುವುದಾದರೆ ಅದರ ಮೇಲೆ ಏನಿರಬೇಕು ಎಂದು ಕೇಳಿ. ನಾನು ಕೇಳಿದಾಗ ಮೊದಲು ಬಂದ ಹೆಸರು ಸಂಗೊಳ್ಳಿ ರಾಯಣ್ಣ. ಅದು ಎಲ್ಲರೂ ಬಲ್ಲದ್ದೇ. ಆಮೇಲೆ ಬಂದ ಉತ್ತರಗಳು ನನ್ನನ್ನು ಬೆರಗುಗೊಳಿಸಿದವು. ಒಬ್ಬ ಹುಡುಗ ಕಿತ್ತೂರು ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಮಾಡಿದ ಕಿಂಡಿಯನ್ನು ಬರೆದ. ಇನ್ನೊಬ್ಬ ದೇಗಾಂವಿಯ ಕಮಲನಾರಾಯಣ ಗುಡಿ ಬರೆದ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಎತ್ತಿನ ಬಂಡಿಗಳ ಸಾಲು, ನವಿಲುತೀರ್ಥದಲ್ಲಿ ಗುಡ್ಡ ಸೀಳಿ ಬರುವ ಮಲಪ್ರಭೆ, ಬೆಳವಡಿ ಮಲ್ಲಮ್ಮ, ಶಿರಸಂಗಿಯ ಲಿಂಗರಾಜರು. ಗೊಡಚಿ ಜಾತ್ರೆಯ ಬಾರೆಹಣ್ಣಿನ ಬುಟ್ಟಿಯನ್ನು ಬರೆದವಳು ಅದಕ್ಕೆ ಐದು ರೂಪಾಯಿಯ ಬದಲು ಹತ್ತು ರೂಪಾಯಿ ಬೆಲೆ ಹಾಕಿದ್ದಳು. ಚಿತ್ರದ ಜೊತೆ, ಇದಕ್ಕೇ ಚೀಟಿ ಏಕೆ ಎಂದು ಹಿರಿಯರನ್ನು ಕೇಳಿ ಅರ್ಧ ಪುಟ ಬರೆದುಕೊಂಡು ಬರಲು ಹೇಳಿದ್ದೆ. ಊರ ಇತಿಹಾಸ ಹೇಳಬಲ್ಲ ಮುದುಕರ ಹತ್ತಿರ ಮಕ್ಕಳು ಹೋಗಿ ಕೂತದ್ದು ಎಷ್ಟೋ ದಿನಗಳ ಮೇಲೆ ಆಗ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮಕ್ಕಳಿಗೆ ಅದು ಬೇಕು. ಅಂಚೆ ಇಲಾಖೆ 2017ರಿಂದ ದೀನ ದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನ ನಡೆಸುತ್ತಿದೆ. 6ರಿಂದ 9ನೆಯ ತರಗತಿಯವರೆಗಿನ ಮಕ್ಕಳಿಗೆ ತಿಂಗಳಿಗೆ 500ರಂತೆ ವರ್ಷಕ್ಕೆ 6,000 ರೂಪಾಯಿ. ಒಂದೊಂದು ಅಂಚೆ ವೃತ್ತಕ್ಕೆ, ಎಂದರೆ ನಮಗೆ ಇಡೀ ಕರ್ನಾಟಕಕ್ಕೆ, 40 ಜನರಿಗೆ ಸಿಗುತ್ತದೆ, ತರಗತಿಗೆ ಹತ್ತರಂತೆ. ಹಿಂದಿನ ವರ್ಷ ಶೇಕಡಾ 60 ಅಂಕ ಇರಬೇಕು, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇಕಡಾ 5 ರಿಯಾಯಿತಿ ಇದೆ. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇದ್ದು ಮಗು ಅದರ ಸದಸ್ಯನಾಗಿರಬೇಕು. ಕ್ಲಬ್ ಇಲ್ಲದಿದ್ದರೆ ಮಗುವಿನ ಹೆಸರಿನಲ್ಲಿ ಠೇವಣಿ ಖಾತೆ ಇದ್ದರೂ ನಡೆಯುತ್ತದೆ. ಮೊದಲು ಲಿಖಿತ ರಸಪ್ರಶ್ನೆ, ಆಮೇಲೆ ಚೀಟಿಗಳ ಮೇಲೆ ಒಂದು ಸಣ್ಣ ಯೋಜನೆ. 40ರಲ್ಲಿ ಒಂದು ನಮ್ಮ ಮುರಗೋಡದ್ದೋ ಸುರೇಬಾನದ್ದೋ ಹುಡುಗಿಗೆ ಬರಬಾರದೆಂದೇನಿಲ್ಲ. ಬೆಂಗಳೂರಿನ ದೊಡ್ಡ ಶಾಲೆಗಳ ಮಕ್ಕಳಿಗೆ ಈ ಸುದ್ದಿ ತಾನಾಗಿ ತಲುಪುತ್ತದೆ. ನಮ್ಮ ಮಕ್ಕಳಿಗೆ ತಲುಪಬೇಕಾದರೆ ನೀವೇ ಬಾಯಿ ಬಿಟ್ಟು ಹೇಳಬೇಕು. ಪ್ರತಿ ವರ್ಷ ಅರ್ಜಿ ಕರೆಯುವ ಹೊತ್ತಿಗೆ ಹತ್ತಿರದ ಅಂಚೆ ಮಾಸ್ತರರನ್ನು ಕೇಳಿಕೊಳ್ಳಿ.

ನಿಮ್ಮ ತಲೆಯ ಮೇಲೆ ಎಷ್ಟು ಹೊರೆಯಿದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಬಿಸಿಯೂಟದ ಲೆಕ್ಕ, ಆ್ಯಪಿನಲ್ಲಿ ತುಂಬಬೇಕಾದ ಮಾಹಿತಿ, ತರಬೇತಿ, ಫಲಿತಾಂಶದ ಒತ್ತಡ, ಅದರ ಮೇಲೆ ಖಾಲಿ ಬಿದ್ದ ಹುದ್ದೆಗಳ ಕೆಲಸ. ಅದರೊಳಗೆ ಈ ನಿವೃತ್ತ ಮನುಷ್ಯ ಇನ್ನೊಂದನ್ನು ಹೇರುತ್ತಿದ್ದಾನೆ ಎಂದು ದಯವಿಟ್ಟು ಭಾವಿಸಬೇಡಿ. ಪತ್ರಲೇಖನದ ಪಾಠವನ್ನು ನೀವು ಹೇಗೂ ಮಾಡುತ್ತೀರಿ. ಅದೇ ತಾಸಿನಲ್ಲಿ, ಅದೇ ಪತ್ರವನ್ನು, ಲಕೋಟೆಗೆ ಹಾಕಿಸಿ. ಲಕೋಟೆಯನ್ನು ಹಳೆಯ ವಹಿಯ ಹಾಳೆಯಿಂದ ಮಕ್ಕಳೇ ಮಾಡಿಕೊಳ್ಳುತ್ತಾರೆ. ಐದು ರೂಪಾಯಿ ತರಲಾಗದ ಮಗುವಿಗೆ ನೀವೋ, ಶಾಲಾಭಿವೃದ್ಧಿ ಸಮಿತಿಯವರೋ, ಊರಿನ ಹಳೆಯ ವಿದ್ಯಾರ್ಥಿಯೊಬ್ಬರೋ ಕೊಡಿ. ಯಾರು ಕೊಟ್ಟರೆಂದು ಮಗುವಿಗೆ ಗೊತ್ತಾಗದಿರಲಿ.

ಕಾಲವೂ ತಾನಾಗಿ ಒದಗುತ್ತದೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ಆ ವಾರದಲ್ಲಿ ಒಂದು ದಿನ ಇಟ್ಟುಕೊಳ್ಳಿ. ದಸರೆಯ ರಜೆಯೋ ದೀಪಾವಳಿಯೋ ಅಡ್ಡ ಬಂದರೆ ಮುಂದಿನ ವಾರ. ಎರಡು ತಿಂಗಳು ಮೊದಲೇ ಅಂಚೆ ಮಾಸ್ತರರಿಗೆ ಮಕ್ಕಳ ಸಂಖ್ಯೆ ಹೇಳಿ, ಸ್ಮರಣಾರ್ಥ ಚೀಟಿಗಳನ್ನು ತರಿಸಿಕೊಡುವಂತೆ ಮುಖ್ಯೋಪಾಧ್ಯಾಯರ ಸಹಿಯಿಂದ ಬರೆದು ಕೊಡಿ. ಕೇಳುವವರು ಇದ್ದಾರೆಂದು ಗೊತ್ತಾದರೆ ಮೇಲಿನವರೂ ಕಳಿಸುತ್ತಾರೆ ಎಂಬ ನಂಬಿಕೆ ನನಗಿದೆ. ಇಲಾಖೆಯ ಜಾಲತಾಣದಲ್ಲೂ ಚೀಟಿಗಳನ್ನು ಕೊಳ್ಳಬಹುದು. ಪತ್ರವನ್ನು ನೀವು ಓದಬೇಡಿ. ಕಾಗುಣಿತ ತಪ್ಪಿದ್ದರೂ ಹಾಗೆಯೇ ಹೋಗಲಿ. ಶಿಕ್ಕಾ ಹೊಡೆಯುವುದನ್ನು ಮಕ್ಕಳು ನಿಂತು ನೋಡಲಿ.

ಬಂದ ಉತ್ತರಗಳ ಮೇಲಿನ ಚೀಟಿಗಳನ್ನು ಕೀಳುವಾಗ ಮಾತ್ರ ಅವಸರ ಮಾಡಗೊಡಬೇಡಿ. ಮೂಲೆ ಕತ್ತರಿಸಿ ತಾಟಿನಲ್ಲಿ ನೀರು ಹಾಕಿ ತೇಲಿಬಿಟ್ಟು, ಬಿಟ್ಟುಕೊಂಡ ಮೇಲೆ ಬೋರಲು ಒಣಗಿಸಬೇಕು. ಗಂಜಿ, ಗೋಂದು ಹಾಕಿ ವಹಿಗೆ ಅಂಟಿಸಬಾರದು. ನಾನು ಹಾಗೆ ಅಂಟಿಸಿಯೇ ನನ್ನ 1977ರ ಚೀಟಿಯನ್ನು ಕಳೆದುಕೊಂಡೆ. ಖಾದಿಯ ಚೀಟಿಗೆ ನೀರು ತಾಗಿಸಲೇಬಾರದು.

ಬರುವ ಅಕ್ಟೋಬರಿನಲ್ಲಿ ನಾಲ್ಕು ತಾಲ್ಲೂಕುಗಳ ಯಾವ ಶಾಲೆಯಿಂದ ಕರೆ ಬಂದರೂ ಬಸ್ಸು ಹಿಡಿದು ಬರುತ್ತೇನೆ. ಆಮೇಲೆ ತರಿಸಿಕೊಂಡ ಕೆಲವು ಚೀಟಿಗಳು ನನ್ನ ಹತ್ತಿರ ಇವೆ, ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕ
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ